ಬಿಸಿಯಾದ ಮೇಲೆ ನಿಂತುಹೋಗುವ ಹಳೇ ಯೆಜ್ಡಿ: ಎಲ್ಲಿಂದ ಹುಡುಕಬೇಕು?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. 1984ರ ಯೆಜ್ಡಿ ಬೈಕ್, ಬೆಳಿಗ್ಗೆ ಎರಡನೇ ಕಿಕ್‌ಗೆ ಸ್ಟಾರ್ಟ್. ಎಂಟು-ಹತ್ತು ಕಿಲೋಮೀಟರ್ ಓಡಿದ ಮೇಲೆ ಸಿಗ್ನಲ್‌ನಲ್ಲಿ ಬಂದ್. ಅರ್ಧ ಗಂಟೆ ಬಿಟ್ಟರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಮತ್ತೆ ಸ್ಟಾರ್ಟ್. ಸ್ಪಾರ್ಕ್ ಪ್ಲಗ್ ಎರಡು ಸಲ ಬದಲಾಯಿಸಿದ್ದೀರಿ, ಕಾರ್ಬೊರೇಟರ್ ಕ್ಲೀನ್ ಮಾಡಿಸಿದ್ದೀರಿ, ಈಗ ಮೆಕ್ಯಾನಿಕ್ ಬೋರ್ ಮಾಡಿಸೋಣ, ಅಂದರೆ ಸಿಲಿಂಡರ್ ಕೊರೆಸಿ ಹೊಸ ಪಿಸ್ಟನ್ ಹಾಕಿಸೋಣ ಅಂತಿದ್ದಾರೆ. ಇದು ಪೂರ್ತಿ ನನ್ನದೇ ಕಥೆ. ಸದ್ಯಕ್ಕೆ ಬೋರ್‌ಗೆ ಒಪ್ಕೋಬೇಡಿ.

ನನ್ನದು ಅಪ್ಪನ ಗಾಡಿ. ಜಯನಗರಕ್ಕೂ ಯಶವಂತಪುರಕ್ಕೂ ದಿನಾ ಅದರಲ್ಲೇ ಓಡಾಟ. ಅದು ಕೈಕೊಡುತ್ತಿದ್ದದ್ದು ಹೆಚ್ಚಾಗಿ ಜೆ.ಸಿ. ರಸ್ತೆಯಲ್ಲಿ. ಎರಡೂ ಕಡೆ ಸ್ಪೇರ್ ಪಾರ್ಟ್ಸ್ ಅಂಗಡಿ, ನಡುವೆ ಗಾಡಿ ತಳ್ಳಿಕೊಂಡು ನಾನು. ಯಾವ ಪಾರ್ಟ್ ಕೇಳಬೇಕು ಅನ್ನೋದೇ ಗೊತ್ತಿಲ್ಲ.

ತೊಂದರೆ ಇರೋದು ಎಲ್ಲಿ ಅಂದರೆ, ಮೆಕ್ಯಾನಿಕ್ ಹತ್ತಿರ ಹೋಗುವಷ್ಟರಲ್ಲಿ ಗಾಡಿ ತಣ್ಣಗಾಗಿರುತ್ತೆ. ಅವರು ಒದ್ದರೆ ಒಂದೇ ಕಿಕ್‌ಗೆ ಸ್ಟಾರ್ಟ್. ಆಮೇಲೆ ಅವರು ಅಂದಾಜಿನ ಮೇಲೆ ಒಂದೊಂದೇ ಬದಲಾಯಿಸುತ್ತಾ ಹೋಗುತ್ತಾರೆ, ನಾವು ದುಡ್ಡು ಕೊಡುತ್ತಾ ಹೋಗುತ್ತೇವೆ. ಆದ್ದರಿಂದ ನಿಂತ ಜಾಗದಲ್ಲೇ, ನಿಂತ ಆ ಐದು ನಿಮಿಷದಲ್ಲೇ ನೀವೇ ನೋಡಬೇಕು. ಒಂದು ಪ್ಲಗ್ ಸ್ಪ್ಯಾನರ್, ಒಂದು ಒಳ್ಳೇ ಪ್ಲಗ್, ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರ್ ಜೊತೆಗಿಟ್ಟುಕೊಳ್ಳಿ. ಹಳೇ ಬನಿಯನ್ ಬಟ್ಟೆಯೂ ಬೇಕು, ಪ್ಲಗ್ ಕೈ ಸುಡುತ್ತೆ.

ನಿಂತ ತಕ್ಷಣ ಮೊದಲು ಪೆಟ್ರೋಲ್ ಟ್ಯಾಂಕ್ ಮುಚ್ಚಳ ತೆಗೆಯಿರಿ. ಗಾಡಿ ಯಾಕೆ ನಿಲ್ಲುತ್ತೆ ಅಂತ ಕೇಳಿದರೆ ಮುಚ್ಚಳ ತೆಗಿ ಅಂತಾನಲ್ಲ ಅನ್ಕೋಬೇಡಿ. ಮುಚ್ಚಳದಲ್ಲಿ ಗಾಳಿ ಹೋಗಲು ಒಂದು ಸಣ್ಣ ತೂತು ಇರುತ್ತೆ. ಅದು ಕಟ್ಟಿಕೊಂಡರೆ ಒಳಗೆ ನಿರ್ವಾತವಾಗಿ ಪೆಟ್ರೋಲ್ ಇಳಿಯೋದು ನಿಲ್ಲುತ್ತೆ. ಸ್ವಲ್ಪ ಹೊತ್ತು ಬಿಟ್ಟರೆ ನಿಧಾನಕ್ಕೆ ಗಾಳಿ ಸೇರಿ ಸರಿಹೋಗುತ್ತೆ. ಲಕ್ಷಣ ನಿಮ್ಮದರ ಥರಾನೇ. ಮುಚ್ಚಳ ತೆಗೆದಾಗ ಸುಸ್ ಅಂತ ಗಾಳಿ ಎಳೆದುಕೊಂಡು, ಆಮೇಲೆ ಗಾಡಿ ಸ್ಟಾರ್ಟ್ ಆದರೆ ನಿಮ್ಮ ರಿಪೇರಿ ಖರ್ಚು ಒಂದು ಪಿನ್ನು.

ಅಲ್ಲಿ ಏನೂ ಇಲ್ಲವಾ? ಮುಚ್ಚಳ ಹಾಕಿ, ಪ್ಲಗ್ ಬಿಚ್ಚಿ. ತುದಿ ಒದ್ದೆ ಇದ್ದರೆ ಪೆಟ್ರೋಲ್ ಬರ್ತಿದೆ, ಕರೆಂಟ್ ಮೇಲೆ ಅನುಮಾನ. ಒಣಗಿದ್ದರೆ ಪೆಟ್ರೋಲ್ ದಾರಿ ನೋಡಿ. ಈಗ ಜೊತೆಗಿರುವ ಒಳ್ಳೇ ಪ್ಲಗ್ ಅನ್ನು ಕ್ಯಾಪ್‌ಗೆ ಸಿಕ್ಕಿಸಿ, ಅದರ ಮೈ ಸಿಲಿಂಡರ್ ಹೆಡ್‌ಗೆ ಗಟ್ಟಿಯಾಗಿ ತಾಗುವ ಹಾಗೆ ಇಟ್ಟು ಕಿಕ್ ಹೊಡೆಯಿರಿ. ಪ್ಲಗ್ ತೂತಿನಿಂದ ದೂರ ಇಡಿ, ಅಲ್ಲಿಂದ ಪೆಟ್ರೋಲ್ ಆವಿ ಚಿಮ್ಮುತ್ತೆ. ಕಿಡಿ ನೀಲಿಯಾಗಿ ಟಕ್ ಟಕ್ ಅಂತ ಹಾರಬೇಕು. ಹಳದಿಯಾಗಿ ಸೊರಗಿದ್ದರೆ, ಒಂದು ಸಲ ಬಂದು ಒಂದು ಸಲ ಬರದಿದ್ದರೆ, ಅಪರಾಧಿ ಸಿಕ್ಕ ಹಾಗೆಯೇ.

ಬಿಸಿಗೆ ಸೋಲುವ ಮೊದಲ ಭಾಗ ಕಂಡೆನ್ಸರ್. ಇಂಜಿನ್‌ನ ಬಲಗಡೆ ಕವರ್ ಒಳಗೆ ಪಾಯಿಂಟ್ (ಇಂಜಿನ್ ತಿರುಗಿದಂತೆ ತೆರೆದು ಮುಚ್ಚುವ ಸಣ್ಣ ಸ್ವಿಚ್) ಪಕ್ಕದಲ್ಲಿರುವ ಬೆರಳ ತುದಿಯಷ್ಟು ಡಬ್ಬಿ. ಪಾಯಿಂಟ್ ತೆರೆದಾಗ ಕರೆಂಟ್ ಆ ಸಂದಿಯಲ್ಲಿ ಹಾರಲು ನೋಡುತ್ತೆ. ಕಂಡೆನ್ಸರ್ ಅದನ್ನು ತಾನು ನುಂಗಿಕೊಳ್ಳುತ್ತೆ. ಹಾಗಾಗಿ ಕಾಯಿಲ್‌ನಲ್ಲಿ (ಬ್ಯಾಟರಿಯ ವೋಲ್ಟೇಜನ್ನು ಪ್ಲಗ್‌ಗಾಗಿ ಏರಿಸುವ ಭಾಗ) ಕರೆಂಟ್ ಒಮ್ಮೆಲೇ ಕಡಿದು, ಪ್ಲಗ್‌ಗೆ ಸಾವಿರಾರು ವೋಲ್ಟ್ ಸಿಗುತ್ತೆ. ಕಂಡೆನ್ಸರ್ ಬಿಸಿಗೆ ಸೋರತೊಡಗಿದರೆ ಪ್ಲಗ್‌ಗೆ ಬರೋದು ಉಳಿಕೆ ಪಳಿಕೆ ಮಾತ್ರ. ತಣ್ಣಗಾದರೆ ಮತ್ತೆ ಸರಿ. ಅದಕ್ಕೇ ತಣ್ಣಗಿದ್ದಾಗ ಮೀಟರ್ ಇಟ್ಟು ನೋಡಿದರೆ ಕೆಲವು ಸಲ ಎಲ್ಲಾ ಚೆನ್ನಾಗಿಯೇ ತೋರಿಸುತ್ತೆ.

ಇದು ನನಗೂ ಗೊತ್ತಿತ್ತು. ಕಂಡೆನ್ಸರ್ ಹೊಸದೇ ಹಾಕಿಸಿದ್ದೆ. ಎರಡು ವಾರ ಗಾಡಿ ಚೆನ್ನಾಗಿ ಓಡಿತು, ಆಮೇಲೆ ಅದೇ ರಾಗ. ಹೊಸದು ಹಾಕಿ ಆಯ್ತಲ್ಲ ಅಂತ ಅದನ್ನು ಲೆಕ್ಕದಿಂದ ತೆಗೆದುಹಾಕಿದೆ. ಮೂರು ತಿಂಗಳು ಕಾಯಿಲ್, ವೈರಿಂಗ್, ಕಾರ್ಬೊರೇಟರ್ ಅಂತ ಸುತ್ತಿದೆ. ಕೊನೆಗೆ ಒಂದು ಸಂಜೆ ಲಾಲ್‌ಬಾಗ್ ಗೇಟ್ ಹತ್ತಿರ ನಿಂತಿತು. ಆಗಲೇ ಕತ್ತಲು. ಹಠಕ್ಕೆ ಬಿದ್ದು ಅಲ್ಲೇ ಕವರ್ ಬಿಚ್ಚಿದೆ. ಎಳನೀರು ಮಾರುವ ಹುಡುಗನಿಗೆ ಕಿಕ್ ಹೊಡಿ ಮಾರಾಯ ಅಂದೆ. ಅವನು ಒದ್ದ, ನಾನು ಕೂತು ನೋಡಿದೆ. ಪಾಯಿಂಟ್ ಮಧ್ಯೆ ವೆಲ್ಡಿಂಗ್ ಥರ ದಪ್ಪ ಕಿಡಿ! ಸಣ್ಣದಾಗಿ ಮಿನುಗಿದರೆ ಪರವಾಗಿಲ್ಲ, ಇದು ಹಾಗಿರಲಿಲ್ಲ. "ಅಣ್ಣಾ, ಬೆಂಕಿ ಇಲ್ಲಿ ಬರ್ತಿದ್ಯಲ್ಲ" ಅಂತ ಅವನೇ ತೋರಿಸಿದ. ಹೊಸ ಕಂಡೆನ್ಸರೇ ಸತ್ತಿತ್ತು.

ಒಬ್ಬರೇ ಇದ್ದರೆ ಕೀಲಿ ಆನ್ ಮಾಡಿ, ಪಾಯಿಂಟ್ ಮುಚ್ಚಿರುವಾಗ ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಬಿಡಿಸಿ ನೋಡಿ. ದಪ್ಪ ಕಿಡಿ ಬರುತ್ತಾ ಇಲ್ಲವಾ ಗೊತ್ತಾಗುತ್ತೆ.

ಖಚಿತ ಮಾಡಿಕೊಳ್ಳಲು ಹಳೇ ಅಂಬಾಸಿಡರ್ ಕಾರಿನ ಕಂಡೆನ್ಸರ್ ಒಂದು ತನ್ನಿ. ಕವರ್ ಒಳಗಿರುವ ಕಂಡೆನ್ಸರ್‌ನ ವೈರ್ ಬಿಚ್ಚಿಡಿ. ಇದು ಮುಖ್ಯ, ಅದು ಶಾರ್ಟ್ ಆಗಿದ್ದರೆ ಪಕ್ಕದಲ್ಲಿ ಎಷ್ಟು ಹೊಸದು ಹಾಕಿದರೂ ಸುಮ್ನೆ. ಪಾಯಿಂಟ್‌ನಿಂದ ಕಾಯಿಲ್‌ಗೆ ಹೋಗುವ ವೈರ್‌ಗೆ ಇದನ್ನು ಜೋಡಿಸಿ, ಡಬ್ಬಿಯನ್ನು ಟ್ಯಾಂಕ್ ಕೆಳಗೆ ಪೇಂಟ್ ಕೆರೆದ ಜಾಗದಲ್ಲಿ ಫ್ರೇಮ್‌ಗೆ ಬಿಗಿಯಿರಿ. ಇಂಜಿನ್ ಬಿಸಿ ಅಲ್ಲಿಗೆ ಅಷ್ಟು ತಾಗಲ್ಲ. ನೋಡಲು ಚೆಂದ ಇಲ್ಲ. ಪರೀಕ್ಷೆಗೆ ಅಂತ ಹಾಕಿದ್ದು ನನ್ನ ಗಾಡಿಯಲ್ಲಿ ಈಗಲೂ ಅಲ್ಲೇ ಇದೆ.

ಕವರ್ ಬಿಚ್ಚಿದ್ದೀರಲ್ಲ, ಪಾಯಿಂಟ್ ಮೇಲೆ ಗುಳಿ ಬಿದ್ದಿದೆಯಾ, ಉಬ್ಬು ಎದ್ದಿದೆಯಾ ನೋಡಿ. ಇದ್ದರೆ ನಯವಾದ ಎಮರಿ ಪೇಪರ್‌ನಲ್ಲಿ ಉಜ್ಜಿ, ಪೆಟ್ರೋಲ್ ಅದ್ದಿದ ಬಟ್ಟೆಯಲ್ಲಿ ಒರೆಸಿ. ಪೂರ್ತಿ ತೆರೆದಾಗ ಗ್ಯಾಪ್ 0.4 ಮಿಲಿಮೀಟರ್, ಫೀಲರ್ ಗೇಜ್‌ನಲ್ಲೇ (ಸಂದಿ ಅಳೆಯುವ ತೆಳು ತಗಡು) ಅಳೆಯಿರಿ. ಗ್ಯಾಪ್ ಬದಲಾದರೆ ಟೈಮಿಂಗೂ, ಅಂದರೆ ಕಿಡಿ ಹಾರುವ ಕ್ಷಣವೂ ಜರುಗುತ್ತೆ, ಅದನ್ನೂ ಒಮ್ಮೆ ನೋಡಿಸಿ.

ಪಾಯಿಂಟ್‌ನಲ್ಲಿ ಕಿಡಿ ಜಾಸ್ತಿ ಇಲ್ಲ, ಪ್ಲಗ್‌ನಲ್ಲೂ ಕಿಡಿ ಇಲ್ಲ ಅಂದರೆ ಕಾಯಿಲ್ ಮೇಲೆ ಅನುಮಾನ. ಅದೂ ಬಿಸಿಗೆ ಸೋಲುತ್ತೆ. ಆದರೆ ಕೊಳ್ಳುವ ಮೊದಲು ಸ್ನೇಹಿತರ ಗಾಡಿಯದ್ದು ಹಾಕಿ ನೋಡಿ, ಆರು ವೋಲ್ಟ್‌ನದ್ದೋ ಹನ್ನೆರಡರದ್ದೋ ಗಮನಿಸಿ. ಬ್ಯಾಟರಿ ಅರ್ಥ್ ವೈರ್ ಫ್ರೇಮ್‌ಗೆ ಸೇರುವ ಕಡೆ ತುಕ್ಕು ಕೆರೆಯಿರಿ. ಗುಂಡಿಗೆ ಇಳಿದಾಗ ಮಿಸ್ ಆಗೋದು ಬಿಸಿಯ ರೋಗ ಅಲ್ಲ, ಅದು ಸಡಿಲ ವೈರೋ ಸವೆದ ಕೀಲಿ ಸ್ವಿಚ್ಚೋ. ಮಳೆಯಲ್ಲಿ ಮಾತ್ರ ಆದರೆ ಪ್ಲಗ್ ಕ್ಯಾಪ್, ಪ್ಲಗ್ ವೈರ್.

ಮುಂದಿನ ಸಲ ನಿಂತಾಗ ಮುಚ್ಚಳ ತೆಗೆದರೆ ಸದ್ದು ಬಂತಾ, ಪ್ಲಗ್ ಒದ್ದೆ ಇತ್ತಾ, ಕಿಡಿ ಯಾವ ಬಣ್ಣ, ಈ ಮೂರು ಬರೆಯಿರಿ. ಮಿಕ್ಕಿದ್ದು ಆಮೇಲೆ ನೋಡೋಣ.