ಒತ್ತಕ್ಷರ ಹೇಳಿಕೊಟ್ಟಾಗ ಅವನು ಊರಲ್ಲಿರಲಿಲ್ಲ

ಲಿಂಗಸುಗೂರು, ದೇವದುರ್ಗ ಕಡೆಯ ಶಾಲೆಗಳಿಂದ ನನ್ನ ಹತ್ತಿರ ಬರುವ ಚೀಟಿಗಳಲ್ಲಿ ಹೆಚ್ಚುಕಮ್ಮಿ ಒಂದೇ ಮಾತು: 'ಓದಲು ಬರುವುದಿಲ್ಲ, ಬುದ್ಧಿ ಪರೀಕ್ಷೆ ಮಾಡಿ.' ಇದೂ ಅಂಥದ್ದೇ. ಹುಡುಗನನ್ನು ಹನುಮೇಶ ಅನ್ನೋಣ, ಅವನ ಹೆಸರು ಅದಲ್ಲ. ಐದನೇ ತರಗತಿ. ದೀಪಾವಳಿ ಮುಗಿದ ಮೇಲೆ ಮನೆಯವರೆಲ್ಲ ಬೆಂಗಳೂರಿಗೆ ಗುಳೆ ಹೋಗುತ್ತಾರೆ, ಕಟ್ಟಡದ ಕೆಲಸಕ್ಕೆ. ವಾಪಸ್ ಬರುವುದು ಯುಗಾದಿಗೆ.

ಮೊದಲ ಎರಡು ಸಲ ಅವನು ಬಾಯಿ ಬಿಡಲಿಲ್ಲ. ನಾನೂ ಫೈಲಿನಲ್ಲಿ 'ಕಲಿಕಾ ನ್ಯೂನತೆ?' ಅಂತ, ಅಂದರೆ ಬುದ್ಧಿ ಸರಿಯಿದ್ದೂ ಓದು ಬರಹ ಹತ್ತದ ತೊಂದರೆ ಇರಬಹುದು ಅಂತ, ಬರೆದುಬಿಟ್ಟಿದ್ದೆ.

ಮೂರನೇ ಸಲ ಪುಸ್ತಕ ಬದಿಗಿಟ್ಟು, ಚೀಟಿಗಳ ಮೇಲೆ ಒಂದೊಂದೇ ಪದ ಬರೆದು ಕೊಟ್ಟೆ. ಮರ, ಮನೆ, ಕುರಿ, ಜೋಳ. ಎಲ್ಲ ಓದಿದ! ಹಕ್ಕಿ ಬಂತು, 'ಹಕಿ' ಅಂದ. ಕಲ್ಲು 'ಕಲು' ಆಯಿತು. ಎಮ್ಮೆಯನ್ನು 'ಎಮೆ' ಅಂದು ತಾನೇ ನಕ್ಕ. ಎಲ್ಲೋ ತಪ್ಪಿದೆ ಅಂತ ಅವನಿಗೆ ಗೊತ್ತಾಗಿತ್ತು. ಒತ್ತಿನ ಮೇಲೆ ಬೆರಳಿಟ್ಟು, "ಇದನ್ನ ಮರೆತ್ಯೇನೋ?" ಅಂದೆ.

"ಮರ್ತಿಲ್ರೀ ಮೇಡಂ. ಇದನ್ನ ಹೇಳಿಕೊಡೋವಾಗ ನಾ ಬೆಂಗಳೂರಾಗಿದ್ದೆ."

ಎರಡನೇ ತರಗತಿಯ ಹಾಜರಿ ತರಿಸಿ ನೋಡಿದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಗೈರು. ಆಮೇಲಿನ ಎರಡು ವರ್ಷವೂ ಅದೇ. ಫೈಲಿನ ಆ ಸಾಲು ಹೊಡೆದು ಹಾಕಿದೆ.

ಪರೀಕ್ಷೆ ಬೇಡ ಅಂದಿದ್ದಕ್ಕೆ ಟೀಚರ್‌ಗೆ ಬೇಜಾರಾಯಿತು. "ಸರ್ಟಿಫಿಕೇಟ್ ಇದ್ರೆ ಅವನಿಗೇ ಅನುಕೂಲ ಅಲ್ವಾ?" ಅಂದರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ, ಬೇಕಾದ ಮಗುವಿಗೆ ಅದು ಸಿಗಲೇಬೇಕು. ಆದರೆ ಪಾಠವೇ ಸಿಗದೆ ಓದು ಹಿಂದುಳಿದಿದ್ದರೆ ಆ ಹೆಸರು ಹಚ್ಚುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ವಯಸ್ಸಿಗೆ ತಕ್ಕ ತರಗತಿಯಲ್ಲಿ ಕೂರಿಸಿ, ಬಿಟ್ಟುಹೋದದ್ದನ್ನು ವಿಶೇಷ ತರಬೇತಿಯಿಂದ ತುಂಬಿಸಿ ಅನ್ನುತ್ತದೆ. ಕೂರಿಸುವುದೇನೋ ಎಲ್ಲ ಕಡೆ ನಡೆಯುತ್ತಿದೆ.

ನಾನು ಹೇಳಿದ್ದು ಇಷ್ಟು. ದಿನಕ್ಕೆ ಹದಿನೈದು ನಿಮಿಷ ಒತ್ತಕ್ಷರ ಮಾತ್ರ. ಮೊದಲು ಅಕ್ಕ, ಹಕ್ಕಿಯಂಥವು. ರಸ್ತೆ, ಪುಸ್ತಕ ಆಮೇಲೆ. ಪಕ್ಕದಲ್ಲಿ ಓದು ಬರುವ ಗೆಳೆಯನೊಬ್ಬ ಇರಲಿ. ಮಗು ಒಂಟಿಯಾಗಿ ಮಾಡಲಾರದ್ದನ್ನು ಜೊತೆಗೊಬ್ಬರಿದ್ದರೆ ಮಾಡುತ್ತದೆ, ಕಲಿಸುವ ಜಾಗ ಅದೇ ಅಂತ ರಷ್ಯಾದ ಮನೋವಿಜ್ಞಾನಿ ವೈಗಾಟ್ಸ್ಕಿ ಹೇಳಿದ್ದು ಇದನ್ನೇ. ಸದ್ಯಕ್ಕೆ ಇಡೀ ಕ್ಲಾಸಿನೆದುರು ಎಬ್ಬಿಸಿ ಓದಿಸಬೇಡಿ. ಮೂರು ತಿಂಗಳಾದರೂ ಕದಲದಿದ್ದರೆ ಪರೀಕ್ಷೆಗೆ ನಾನೇ ಬರೆದುಕೊಡುತ್ತೇನೆ.

ಅಪ್ಪನಿಗೆ ಗುಳೆ ಹೋಗಬೇಡಿ ಅನ್ನಲಿಲ್ಲ. ಮಳೆ ಕೈಕೊಟ್ಟ ಹೊಲ ಇಟ್ಟುಕೊಂಡವರಿಗೆ ಹಾಗೆ ಹೇಳೋಕೆ ನಾನ್ಯಾರು? ಹುಡುಗನನ್ನು ಅಜ್ಜಿ ಹತ್ತಿರ ಬಿಡೋಕಾಗುತ್ತಾ ಅಂತ ಕೇಳಿದೆ, ಅಷ್ಟೇ.

ಪರೀಕ್ಷೆಗೆ ಬರೆದುಕೊಡುವ ಪ್ರಸಂಗ ಬರಲಿಲ್ಲ. ದೀಪಾವಳಿ ಹೊತ್ತಿಗೆ ಹನುಮೇಶ ಬಸ್ಸಿನ ಬೋರ್ಡು ಓದುತ್ತಿದ್ದ. ಅಜ್ಜಿ ಅವನನ್ನು ಉಳಿಸಿಕೊಂಡಳು. ಇಬ್ಬರನ್ನು ನೋಡಿಕೊಳ್ಳೋಕೆ ಅವಳಿಗೂ ಆಗಲ್ಲ, ವಯಸ್ಸಾಗಿದೆ. ತಂಗಿ ಅಪ್ಪ ಅಮ್ಮನ ಜೊತೆ ಬೆಂಗಳೂರಿಗೆ ಹೋದಳು. ಅವಳು ಈಗ ಎರಡನೇ ತರಗತಿ.