ಶೆಡ್ಡಿನಲ್ಲಿ ಭಾವನ ಕಾರು, ಬೀದಿಯಲ್ಲಿ ನಿಮ್ಮ ಜಗಳ

ಈ ವಾರದ ಪತ್ರಗಳಲ್ಲಿ ಒಂದನ್ನು ಓದಿ ನನಗೆ ಸರಿಯಾಗಿ ಸಿಟ್ಟು ಬಂತು. ಬರೆದವರ ಮೇಲಲ್ಲ, ಅವರ ಗಂಡನ ಮೇಲೂ ಅಷ್ಟಾಗಿ ಅಲ್ಲ. ಪತ್ರದ ನಡುವೆ ಎರಡು ಸಾಲಿನಲ್ಲಿ ಬಂದು ಹೋಗುವ ಒಬ್ಬ ಮಹಾನುಭಾವರ ಮೇಲೆ. ಅವರ ವಿಷಯ ಆಮೇಲೆ. ಮೊದಲು ಪತ್ರದ ಸಾರ ಹೇಳಿಬಿಡುತ್ತೇನೆ.

ಬರೆದಿರುವವರು ಬೆಂಗಳೂರಿನ ನಾಗರಬಾವಿ ಕಡೆಯವರು. ಥರ್ಟಿ ಫಾರ್ಟಿ ಸೈಟಿನಲ್ಲಿ ಮಾವ ಕಟ್ಟಿಸಿದ ಮನೆ. ಮಾವ ಈಗಿಲ್ಲ, ಅತ್ತೆ ಇದ್ದಾರೆ. ಎದುರು ಮನೆಯಲ್ಲಿ ಒಬ್ಬ ರಿಟೈರ್ಡ್ ಟೀಚರ್ ಮತ್ತು ಅವರ ಯಜಮಾನರು. ಇಪ್ಪತ್ತು ವರ್ಷದ ಒಡನಾಟ. ಇವರ ಮಕ್ಕಳು ಮಗ್ಗಿ ಕಲಿತದ್ದೇ ಆ ಟೀಚರ್ ಮನೆಯ ಜಗಲಿಯಲ್ಲಂತೆ. ಕಳೆದ ದೀಪಾವಳಿಗೆ ಇವರು ಹೊಸ ಕಾರು ತಗೊಂಡರು. ಇವರ ಮನೆ ಕಡೆ ಟ್ರಾನ್ಸ್‌ಫಾರ್ಮರ್ ಇದೆ, ಚಪ್ಪಡಿ ಕಿತ್ತುಹೋದ ಮೋರಿ ಇದೆ. ಹಾಗಾಗಿ ಕಾರು ನಿಲ್ಲುವುದು ಎದುರು ಮನೆ ಕಾಂಪೌಂಡಿಗೆ ಒತ್ತಿಕೊಂಡು. ಅದರ ಮೂತಿ ಟೀಚರ್ ಮನೆ ಗೇಟಿಗೆ ‘ಬರೀ ಒಂದಡಿ’ ಅಡ್ಡ ಬರುತ್ತದೆ.

ಒಂದು ಬೆಳಿಗ್ಗೆ ಟೀಚರ್ ತಮ್ಮ ಯಜಮಾನರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಮಂಡಿ ಆಪರೇಷನ್ ಆಗಿ ವಾಕರ್ ಹಿಡಿದು ನಡೆಯುವವರು. ಕ್ಯಾಬ್ ಗೇಟಿನ ಹತ್ತಿರಕ್ಕೆ ಬರಲಾಗಲಿಲ್ಲ. ಅವರು ರ‍್ಯಾಂಪಿನ ಅಂಚಿನಲ್ಲಿ ಬಂಪರ್ ಪಕ್ಕ ಅಡ್ಡಡ್ಡ ಹೆಜ್ಜೆ ಇಟ್ಟುಕೊಂಡು ರಸ್ತೆಗೆ ಬಂದರು. ಟೀಚರ್ ಕೂಗಾಡಿದರು. ಈ ಕಡೆಯ ಯಜಮಾನರು ‘ರೋಡೇನು ನಿಮ್ಮಪ್ಪಂದಾ?’ ಅಂದುಬಿಟ್ಟರು. ಮಾರನೇ ದಿನ ಆ ಜಾಗದಲ್ಲಿ ಎರಡು ದೊಡ್ಡ ಪಾಟು, ಒಂದು ಸುಣ್ಣ ಬಳಿದ ಕಲ್ಲು. ಯಜಮಾನರು ಪಾಟು ಸರಿಸಲು ಹೋಗಿ ಒಂದನ್ನು ಒಡೆದರು. ಈಗ ಮಾತುಕತೆ ಬಂದ್. ಯುಗಾದಿಗೆ ಒಬ್ಬಟ್ಟು ಆ ಕಡೆಯಿಂದ ಬರಲಿಲ್ಲ, ಈ ಕಡೆಯಿಂದ ಹೋಗಲಿಲ್ಲ.

ಪತ್ರದ ಪ್ರಶ್ನೆ ಇದು: ‘ನನ್ನ ಯಜಮಾನರಿಗೆ ಗೊತ್ತಾಗದ ಹಾಗೆ ನಾನೇ ಹೋಗಿ ಟೀಚರ್ ಹತ್ತಿರ ಕ್ಷಮೆ ಕೇಳಲಾ? ಅಥವಾ ಗಂಡನ ಮಾತು ಬಿಟ್ಟುಕೊಡಬಾರದು ಅಂತ ಸುಮ್ಮನಿರಲಾ?’

ನೋಡಿ ಅಮ್ಮ, ನೀವು ಕೇಳಿರುವ ಪ್ರಶ್ನೆಗಿಂತ ನೀವು ಕೇಳದೆ ದಾಟಿಸಿರುವ ವಿಷಯ ದೊಡ್ಡದು. ಪತ್ರದ ಮೂರನೇ ಪುಟದಲ್ಲಿ ಹೀಗೆ ಬರೆದಿದ್ದೀರಿ: ‘ನಮ್ಮಲ್ಲೂ ಕಾರ್ ಶೆಡ್ ಇದೆ, ಆದರೆ ಅಲ್ಲಿ ಭಾವನವರ ಕಾರಿದೆ. ಅವರು ಅಮೆರಿಕದಲ್ಲಿದ್ದಾರೆ, ಎರಡು ವರ್ಷಕ್ಕೊಮ್ಮೆ ಬರುತ್ತಾರೆ. ಯಜಮಾನರು ಪ್ರತಿ ಭಾನುವಾರ ಅದನ್ನು ಸ್ಟಾರ್ಟ್ ಮಾಡಿ ಒರೆಸಿಡುತ್ತಾರೆ.’ ಅಷ್ಟು ಹೇಳಿ ಮತ್ತೆ ಪಾಟಿನ ಜಗಳಕ್ಕೆ ವಾಪಸ್ ಹೋಗಿದ್ದೀರಿ.

ನಾನು ಅಲ್ಲೇ ನಿಂತೆ.

ಅಂದರೆ ಗೇಟಿನೊಳಗೆ ನೆರಳಲ್ಲಿ, ಕವರ್ ಹೊದ್ದು ನಿಂತಿರುವುದು ಯಾರೂ ಓಡಿಸದ 2012ರ ಕಾರು. ದಿನಾ ಆಫೀಸಿಗೆ ಹೋಗುವ, ಇನ್ನೂ ಸಾಲದ ಕಂತು ಕಟ್ಟುತ್ತಿರುವ ಕಾರು ಹೊರಗೆ ಹೊಂಗೆ ಮರದ ಕೆಳಗೆ, ಕಾಗೆ ಹಿಕ್ಕೆ ಹಾಕಿಸಿಕೊಂಡು. ಭಾನುವಾರ ನಿಮ್ಮ ಯಜಮಾನರು ಬನಿಯನ್ನಿನಲ್ಲಿ ಬಂದು ಕವರ್ ಎತ್ತುತ್ತಾರೆ. ಬಾನೆಟ್ ತೆಗೆದು ಇಲಿ ವೈರ್ ಕಡಿದಿದೆಯಾ ಅಂತ ಟಾರ್ಚ್ ಬಿಟ್ಟು ನೋಡುತ್ತಾರೆ. ಬ್ಯಾಟರಿ ಇಳಿಯದಿರಲಿ ಅಂತ ಕಾಲು ಗಂಟೆ ಇಂಜಿನ್ ಓಡಿಸುತ್ತಾರೆ. ಟೈರು ಒಂದೇ ಕಡೆ ಚಪ್ಪಟೆಯಾಗದಿರಲಿ ಅಂತ ಮುಂದಕ್ಕೊಂದು ಮೊಳ, ಹಿಂದಕ್ಕೊಂದು ಮೊಳ. ಆಮೇಲೆ ಮತ್ತೆ ಕವರ್. ಇದನ್ನೆಲ್ಲ ನೀವೇ ಬರೆದಿದ್ದೀರಿ, ಮೆಚ್ಚುಗೆಯ ದನಿಯಲ್ಲಿ. ಇನ್ಶೂರೆನ್ಸ್ ಯಾರು ಕಟ್ಟುತ್ತಾರೆ ಅಂತ ಮಾತ್ರ ಬರೆದಿಲ್ಲ. ಊಹಿಸಬಲ್ಲೆ.

ಬಸ್ ಸ್ಟ್ಯಾಂಡಿಗೆ ಬಸ್ಸು ಬಂದ ಕೂಡಲೇ ಕೆಲವರು ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ನಿಮ್ಮ ಶೆಡ್ಡಿನಲ್ಲಿರುವುದು ಅಂಥ ಟವೆಲ್ಲು. ‘ಈ ಮನೆಯಲ್ಲಿ ನನಗೂ ಪಾಲಿದೆ’ ಅಂತ ಬಾಯಿ ಬಿಟ್ಟು ಹೇಳಲು ನಿಮ್ಮ ಭಾವನಿಗೆ ಸಂಕೋಚ. ‘ಅಣ್ಣಾ, ಕಾರು ತೆಗಿ’ ಅನ್ನಲು ತಮ್ಮನಿಗೆ ಭಯ. ತೆಗಿ ಅಂದರೆ ಮನೆಯಿಂದಲೇ ಹೊರಗೆ ಹಾಕಿದ ಹಾಗಾಗುತ್ತದೆ ಅಂತ. ಅತ್ತೆಗೆ ಆ ಕಾರು ಇರುವವರೆಗೆ ದೊಡ್ಡ ಮಗ ವಾಪಸ್ ಬರುತ್ತಾನೆ ಅನ್ನುವ ನೆಚ್ಚಿಗೆ. ಮೂರೂ ಜನ ಸೇರಿ ಆಡದೆ ಬಿಟ್ಟ ಮಾತಿನ ಬಾಡಿಗೆಯನ್ನು ಎದುರು ಮನೆಯ ಮಂಡಿನೋವಿನ ಯಜಮಾನರು ಕಟ್ಟುತ್ತಿದ್ದಾರೆ. ಇದು ಯಾವ ನ್ಯಾಯ?

ಪಾಲಿನ ಮಾತು ಬಂತಲ್ಲ, ಒಂದು ಹೇಳಿಬಿಡುತ್ತೇನೆ. ಆಸ್ತಿ ಮಾವನ ಸ್ವಯಾರ್ಜಿತ, ಅವರು ವಿಲ್ ಬರೆದಿಲ್ಲ ಅಂದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅತ್ತೆಗೂ ಮಕ್ಕಳಿಗೂ ಸಮಪಾಲು. ಹೆಣ್ಣುಮಕ್ಕಳಿದ್ದರೆ ಅವರಿಗೂ. ಶೆಡ್ಡಿನಲ್ಲಿ ಕಾರು ನಿಂತಿದ್ದರೆ ಭಾವನ ಪಾಲು ಒಂದಂಗುಲ ಬೆಳೆಯುವುದಿಲ್ಲ, ತೆಗೆದರೆ ಒಂದಂಗುಲ ಕುಗ್ಗುವುದಿಲ್ಲ. ಇದನ್ನು ಅಣ್ಣತಮ್ಮಂದಿರು ಇಬ್ಬರೂ ತಿಳಿದುಕೊಂಡರೆ ಅರ್ಧ ಭಯ ಹೋಗುತ್ತದೆ.

ಭಾವನ ಮೇಲೆ ನನಗೆ ಯಾಕೆ ಇಷ್ಟು ಸಿಟ್ಟು ಅಂತೀರಾ? ಅಮೆರಿಕದ ಎಷ್ಟೋ ಊರುಗಳಲ್ಲಿ ರಾತ್ರಿ ಹೊತ್ತು ಬೀದಿಯಲ್ಲಿ ಕಾರು ಬಿಡುವ ಹಾಗೇ ಇಲ್ಲ. ಹಿಮ ಬೀಳುವ ಕಡೆ, ಹಿಮ ತಳ್ಳುವ ಗಾಡಿಗೆ ಅಡ್ಡ ನಿಲ್ಲಿಸಿದರೆ ಎತ್ತಿಕೊಂಡು ಹೋಗುತ್ತಾರೆ. ಅಲ್ಲಿ ತಮ್ಮ ಡ್ರೈವ್‌ವೇಯಲ್ಲಿ ಅಚ್ಚುಕಟ್ಟಾಗಿ ಕಾರು ನಿಲ್ಲಿಸಿ ಬಂದು, ವಿಡಿಯೋ ಕಾಲ್‌ನಲ್ಲಿ ‘ಬೆಂಗಳೂರು ತುಂಬಾ ಕೆಟ್ಟೋಯ್ತು, ಯಾರಿಗೂ ಸಿವಿಕ್ ಸೆನ್ಸ್ ಇಲ್ಲ’ ಅನ್ನುತ್ತಾರಂತೆ! ಈ ಮಾತೂ ನಿಮ್ಮ ಪತ್ರದಲ್ಲೇ ಇದೆ. ಅವರಿಗೆ ಬೀದಿ ಜಗಳ ಗೊತ್ತೇ ಇಲ್ಲದಿರಬಹುದು, ಒಪ್ಪಿದೆ. ಆದರೆ ನಿಮ್ಮ ಯಜಮಾನರು ಹೊಸ ಕಾರು ತಗೊಂಡಾಗ ಅದರ ಫೋಟೋಗೆ ಹಾರ್ಟ್ ಕಳಿಸಿದವರಿಗೆ, ‘ಎಲ್ಲಿ ನಿಲ್ಲಿಸ್ತೀಯೋ?’ ಅಂತ ಕೇಳಲು ಏನಾಗಿತ್ತು?

ಈ ಅಂಕಣದ ಹಳೇ ಓದುಗರಿಗೆ ನನ್ನ ಹಠ ಗೊತ್ತು. ನಿಲ್ಲಿಸಲು ಜಾಗ ನೋಡಿಕೊಂಡು ಆಮೇಲೆ ಕಾರು ತಗೊಳ್ಳಿ ಅಂತ ಎಷ್ಟು ಸಲ ಬರೆದಿದ್ದೇನೋ. ಜಪಾನಿನಲ್ಲಿ ಇದಕ್ಕೆ 1962ರಿಂದಲೇ ಕಾನೂನಿದೆ. ಮನೆಯಿಂದ ಎರಡು ಕಿಲೋಮೀಟರ್ ಒಳಗೆ ನಿಲ್ಲಿಸಲು ಜಾಗ ಇದೆ ಅಂತ ಪೊಲೀಸ್ ಠಾಣೆಯ ಸರ್ಟಿಫಿಕೇಟ್ ತರದೆ ಅಲ್ಲಿನ ಬಹುತೇಕ ಊರುಗಳಲ್ಲಿ ಕಾರು ನೋಂದಣಿ ಆಗುವುದಿಲ್ಲ. ನಮ್ಮಲ್ಲೂ 2021ರಲ್ಲಿ ಸರ್ಕಾರ ಬೆಂಗಳೂರಿಗೆ ‘ಪಾರ್ಕಿಂಗ್ ನೀತಿ 2.0’ ಅಂತ ಒಂದನ್ನು ಒಪ್ಪಿತು. ಮನೆ ಮುಂದಿನ ರಸ್ತೆಯಲ್ಲಿ ನಿಲ್ಲಿಸಲು ವರ್ಷಕ್ಕೆ ಇಷ್ಟು ಅಂತ ಶುಲ್ಕ, ಪರ್ಮಿಟ್ಟು ಎಲ್ಲ ಅದರಲ್ಲಿದೆ. ನೀತಿ ಕಾಗದದ ಮೇಲಿದೆ. ರಸ್ತೆ ಮೇಲಿರುವುದು ಪಾಟು.

ಪಾಟಿನ ವಿಷಯದಲ್ಲಿ ನಾನು ಟೀಚರ್ ಪರ ಇಲ್ಲ. ಪಾಟು, ಕಲ್ಲು, ಸಿಮೆಂಟ್ ತುಂಬಿದ ಹಳೇ ಟೈರು, ‘ನೋ ಪಾರ್ಕಿಂಗ್, ಟೈರ್ ಗಾಳಿ ಬಿಡಲಾಗುವುದು’ ಅನ್ನುವ ಬೋರ್ಡು, ಯಾವುದಕ್ಕೂ ಬೆಲೆ ಇಲ್ಲ. ಕಾಂಪೌಂಡಿನ ಹೊರಗಿನ ರಸ್ತೆ ಯಾರ ಸ್ವಂತದ್ದೂ ಅಲ್ಲ. ಅಷ್ಟರ ಮಟ್ಟಿಗೆ ನಿಮ್ಮ ಯಜಮಾನರ ಮಾತು ಸರಿ, ಆಡಿದ ರೀತಿ ಕೊಳಕು. ಆದರೆ ಗೇಟು ಬೇರೆ. ಯಾವುದೇ ಮನೆಯ ಗೇಟಿಗೆ ಅಡ್ಡವಾಗಿ ಗಾಡಿ ನಿಲ್ಲಿಸುವ ಹಾಗಿಲ್ಲ ಅಂತ ಮೋಟಾರು ವಾಹನ ನಿಯಮಗಳಲ್ಲೇ ಇದೆ. ಅಲ್ಲಿ ‘ಬರೀ ಒಂದಡಿ’ಗೆ ರಿಯಾಯಿತಿ ಇಲ್ಲ. ಟೀಚರ್ ಆ ಬೆಳಿಗ್ಗೆ ಟ್ರಾಫಿಕ್ ಪೊಲೀಸರ ಅಸ್ತ್ರಂ ಆ್ಯಪ್‌ನಲ್ಲಿ ಒಂದು ಫೋಟೋ ಹಾಕಿದ್ದರೆ ನಿಮ್ಮ ಮನೆಗೆ ದಂಡದ ಚೀಟಿ ಬರಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಪಾಟು ಇಟ್ಟರು. ಇಪ್ಪತ್ತು ವರ್ಷದ ಸ್ನೇಹ ಅಂದರೆ ಅದೇ ಇರಬೇಕು.

ಇನ್ನೊಂದು ಲೆಕ್ಕ. ಮೂವತ್ತು ಅಡಿ ರಸ್ತೆ ಅಂತೀವಿ. ಎರಡೂ ಕಡೆ ಮೋರಿ, ರ‍್ಯಾಂಪು ಕಳೆದರೆ ಡಾಂಬರು ಇಪ್ಪತ್ತಡಿ ಸಿಕ್ಕರೆ ಪುಣ್ಯ. ಅದರಲ್ಲಿ ಒಂದು ಕಾರು ಆರಡಿ ತಿನ್ನುತ್ತದೆ. ಸಣ್ಣ ಕಾರಿಗೂ ತಿರುಗಲು ಐದು ಮೀಟರ್ ಹತ್ತಿರ ತ್ರಿಜ್ಯ ಬೇಕು. ನೀವು ಅವರ ಗೇಟಿನ ಬದಿಗೆ ನಿಲ್ಲಿಸಿದರೆ, ಅವರ ಮನೆಗೆ ಬರುವ ಗಾಡಿ ಒಂದೇ ಸಲಕ್ಕೆ ತಿರುಗುವುದಿಲ್ಲ. ಅವರ ಕಡೆ ಯಾರಾದರೂ ನಿಮ್ಮ ಗೇಟಿಗೆ ಎದುರಾಗಿ ನಿಲ್ಲಿಸಿದರೆ ನಿಮ್ಮದೂ ಅದೇ ಗತಿ. ‘ಒಳಗೆ ಹಾಕೋದು ತೆಗಿಯೋದು ರಗಳೆ’ ಅಂತ ಎಲ್ಲರೂ ಶೆಡ್ ಬಿಟ್ಟು ಬೀದಿಗೆ ಬರುವುದು ಹೀಗೇ. ಒಬ್ಬರು ಹೊರಗಿಟ್ಟರೆ ಪಕ್ಕದವರಿಗೆ ಒಳಗೆ ಹಾಕುವುದು ಕಷ್ಟ, ಅವರೂ ಹೊರಗಿಡುತ್ತಾರೆ. ಶೆಡ್ಡಿಗೆ ಹಳೇ ಮಂಚ, ನೀರಿನ ಕ್ಯಾನು, ಮುರಿದ ಸೈಕಲ್ ಬರುತ್ತವೆ. ನಿಮ್ಮ ಶೆಡ್ಡಿಗೆ ಅಣ್ಣ ಬಂದ.

ಈಗ ನಿಮ್ಮ ಪ್ರಶ್ನೆ. ಕದ್ದು ಹೋಗಿ ಕ್ಷಮೆ ಕೇಳಬೇಡಿ. ಖಂಡಿತ ಬೇಡ. ಕಾರು ಅಲ್ಲೇ ನಿಂತಿರುವಾಗ ನೀವು ಕೈ ಮುಗಿದರೆ ಟೀಚರ್‌ಗೆ ಏನು ಸಿಕ್ಕ ಹಾಗಾಯಿತು? ನಾಳೆ ಮತ್ತೆ ಕ್ಯಾಬ್ ಬರುತ್ತದೆ, ಮತ್ತೆ ಅದೇ ಬಂಪರ್. ಅದೂ ಅಲ್ಲದೆ, ಈ ಮನೆಯ ಗಂಡಸರು ಮಾಡಿಟ್ಟ ಕಗ್ಗಂಟನ್ನು ಹೆಂಗಸರು ಹಿಂಬಾಗಿಲಿನಿಂದ ಬಿಡಿಸಿ ಬರುವ ಪದ್ಧತಿ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ.

ಮಾಡಬೇಕಾದ್ದು ಒಂದೇ. ಈ ಭಾನುವಾರ ನಿಮ್ಮ ಯಜಮಾನರು ಆ ಕಾರಿನ ಕವರ್ ಎತ್ತಬಾರದು. ಅದೇ ಹೊತ್ತಿಗೆ ಅಣ್ಣನಿಗೆ ಫೋನ್ ಮಾಡಬೇಕು. ಅಲ್ಲಿ ಆಗ ಶನಿವಾರ ರಾತ್ರಿ, ಬಿಡುವಾಗಿರುತ್ತಾರೆ. ಸ್ಪೀಕರ್ ಹಾಕಿ, ಪಕ್ಕದಲ್ಲಿ ಅತ್ತೆಯನ್ನು ಕೂರಿಸಿಕೊಂಡು. ನೀವು ಮಾತಾಡಬೇಡಿ, ಕಾಫಿ ಮಾಡುವ ನೆಪದಲ್ಲಿ ಒಳಗಿರಿ. ಇಲ್ಲದಿದ್ದರೆ ನಾಳೆ ‘ಎಲ್ಲಾ ಅವಳೇ ಹೇಳಿಕೊಟ್ಟಿದ್ದು’ ಅನ್ನುವ ಮಾತು ಬರುತ್ತದೆ. ಹೇಳಬೇಕಾದ್ದು ಇಷ್ಟೇ: ‘ಅಣ್ಣಾ, ಕಾರು ಮಾರ್ತೀಯೋ, ಬೇರೆ ಕಡೆ ಇಡಿಸ್ತೀಯೋ ಹೇಳು. ತಿಂಗಳ ಕೊನೆಗೆ ನನಗೆ ಶೆಡ್ ಬೇಕು. ನೀನು ಬಂದಾಗ ನನ್ನ ಕಾರು ತಗೊಂಡು ಓಡಾಡು, ಮನೆಯಲ್ಲಿ ನಿನ್ನ ರೂಮು ಹಾಗೇ ಇರುತ್ತೆ.’ ಕೊನೆಯ ಮಾತು ಅಣ್ಣನಿಗಿಂತ ಅತ್ತೆಗೆ ಜಾಸ್ತಿ ಬೇಕು. ಅದನ್ನು ಮರೆಯಬಾರದು.

ಅವರು ‘ನೋಡೋಣ, ಬಂದಾಗ ಮಾತಾಡೋಣ’ ಅಂದರೆ ಒಪ್ಪಬೇಡಿ ಅಂತ ಯಜಮಾನರಿಗೆ ಮೊದಲೇ ಹೇಳಿಡಿ. ನೋಡೋಣ ಅಂದರೆ ಇನ್ನೆರಡು ವರ್ಷ. ಅಲ್ಲದೆ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. 2012ರ ಕಾರಿಗೆ ಅದು 2027. ಆಮೇಲೆ ಫಿಟ್‌ನೆಸ್ ಮಾಡಿಸಿ ನವೀಕರಣ ಆಗಬೇಕು, ಆಗ ಆರ್‌ಟಿಒಗೆ ಅಲೆಯುವವರೂ ನಿಮ್ಮ ಯಜಮಾನರೇ. ಈಗ ಮಾರಿದರೆ ನಾಲ್ಕು ಕಾಸಾದರೂ ಹುಟ್ಟುತ್ತದೆ. ಆರ್‌ಸಿ ಭಾವನ ಹೆಸರಿನಲ್ಲಿದೆ ಅಂತ ಬರೆದಿದ್ದೀರಿ. ಹಾಗಾದರೆ ಕಾರನ್ನು ಕೊಂಡವರ ಹೆಸರಿಗೆ ಮಾಡಿಸುವ ಫಾರಂ 29 ಮತ್ತು 30ಕ್ಕೆ ಸಹಿ ಅವರದೇ ಬೇಕು. ಅಲ್ಲಿಂದ ಸಹಿ ಹಾಕಿ ಕೊರಿಯರ್ ಮಾಡಲಿ. ಏಜೆಂಟ್ ‘ಸಹಿ ನಾನೇ ಹಾಕ್ತೀನಿ ಬಿಡಿ ಸಾರ್’ ಅಂದರೆ ಆ ಏಜೆಂಟನ್ನು ಬಿಡಿ.

ಶೆಡ್ ಖಾಲಿ ಆಗುವವರೆಗೆ ನಿಮ್ಮ ಕಾರು ಆ ಗೇಟಿನ ಹತ್ತಿರ ಕಾಣಬಾರದು. ಮೂಲೆಯಲ್ಲಿ ಖಾಲಿ ಸೈಟಿದೆ ಅಂದಿದ್ದೀರಿ. ಅದರ ಓನರ್‌ಗೆ ತಿಂಗಳಿಗೆ ಇಷ್ಟು ಅಂತ ಕೊಟ್ಟು ಅಲ್ಲಿ ನಿಲ್ಲಿಸಿ. ಆ ದುಡ್ಡು ಇನ್ನೊಂದು ತಿಂಗಳು ಮುಂದುವರಿದರೆ ಅದನ್ನು ಅಣ್ಣನಿಂದ ಕೇಳಲು ಯಜಮಾನರು ನಾಚಿಕೆ ಪಡಬೇಕಾಗಿಲ್ಲ. ಮತ್ತೆ ಟೀಚರ್‌ಗೆ ಆ ದಾಸವಾಳದ ಪಾಟು ಒಡೆದವರೇ ಹೊಸದು ತಂದು ಕೊಡಲಿ. ಕೊಡುವಾಗ ರಸ್ತೆ ಮೇಲೆ ಇಡಬೇಡಿ, ಗೇಟಿನೊಳಗೆ ಇಟ್ಟುಕೊಳ್ಳಿ ಅಂತ ಹೇಳಿಯೇ ಕೊಡಲಿ.