ಸಮಾನ ವೇತನದ ಕಾನೂನಿದ್ದರೂ ಅಂತರವೇಕೆ?

ಸಮಾನ ವೇತನದ ಕಾನೂನು ಇರುವಾಗಲೂ ಹೆಂಗಸರ ಸಂಬಳ ಏಕೆ ಹಿಂದೆ ಬೀಳುತ್ತದೆ ಎಂದು ಕೇಳಿದ್ದೀರಿ. ಒಂದೇ ಕೆಲಸಕ್ಕೆ ಎರಡು ಸಂಬಳ ಕೊಡುವುದನ್ನು ಕಾನೂನು ತಡೆಯುತ್ತದೆ. ಆದರೆ ಅಂತರದ ದೊಡ್ಡ ಪಾಲು ಹುಟ್ಟುವುದು ಬೇರೆಡೆ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅವರು ತೋರಿಸಿಕೊಟ್ಟಂತೆ, ಇಂದಿನ ಅಂತರ ಹೆಚ್ಚಾಗಿ ಒಂದೇ ವೃತ್ತಿಯಲ್ಲಿರುವ ಗಂಡು ಹೆಣ್ಣಿನ ನಡುವಿನದು, ಮತ್ತು ಅದು ಬಹುಮಟ್ಟಿಗೆ ಮೊದಲ ಮಗು ಹುಟ್ಟಿದಾಗ ತಲೆದೋರುತ್ತದೆ. ಸಂಜೆ ಆರಕ್ಕೆ ತುರ್ತು ಸಭೆ ಕರೆದರೆ, ಶಿಶುವಿಹಾರದ ಬಾಗಿಲು ಮುಚ್ಚುವ ಮೊದಲು ಎದ್ದು ಹೊರಡುವವಳು ಸಾಮಾನ್ಯವಾಗಿ ತಾಯಿ. ಕುಳಿತೇ ಇದ್ದವರಿಗೆ ಬಡ್ತಿ ಸಿಗುತ್ತದೆ, ಅವಳಿಗೆ ಬದ್ಧತೆ ಸಾಲದು ಎಂಬ ಹಣೆಪಟ್ಟಿ. ಇದನ್ನು ಅವಳದೇ ಆಯ್ಕೆ ಎಂದು ತಳ್ಳಿಹಾಕುವುದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ಹೆಂಗಸರೇ ಹೆಚ್ಚಿರುವ ಶುಶ್ರೂಷೆ, ಶಿಶುಪಾಲನೆಯಂತಹ ಕೆಲಸಗಳಿಗೆ ಕಡಿಮೆ ಬೆಲೆ ಕಟ್ಟುವುದೂ ಇದಕ್ಕೆ ಸೇರುತ್ತದೆ.

ಆದ್ದರಿಂದ ಕೈಗೆಟಕುವ ಶಿಶುವಿಹಾರಗಳು ಹಾಗೂ ತಾಯಿಗೆ ವರ್ಗಾಯಿಸಲಾಗದಂತೆ ತಂದೆಗೇ ಮೀಸಲಾದ ಸಂಬಳಸಹಿತ ರಜೆ ಮೊದಲು ಬೇಕು. ಐಸ್‌ಲ್ಯಾಂಡಿನಲ್ಲಿ 2018ರಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ, 25ಕ್ಕೆ ಕಡಿಮೆಯಿಲ್ಲದ ನೌಕರರಿರುವ ಸಂಸ್ಥೆಯೇ ತನ್ನ ವೇತನ ಸಮಾನವೆಂದು ಸಾಬೀತುಪಡಿಸಬೇಕಾಯಿತು. ಇಂತಹ ನಿಯಮವಿದ್ದರೆ ದೂರು ಕೊಡುವ ಹೊರೆ ನೌಕರಳ ಮೇಲೆ ಮಾತ್ರ ಉಳಿಯುವುದಿಲ್ಲ. ಕೆಲಸದ ಅರ್ಜಿಯಲ್ಲಿ ಹಿಂದಿನ ಸಂಬಳ ಕೇಳುವ ಆ ಒಂದು ಸಾಲನ್ನೂ ತೆಗೆಯಬೇಕು, ಏಕೆಂದರೆ ಹಳೆಯ ಕಡಿತವು ಹೊಸ ಕೆಲಸಕ್ಕೂ ಹಿಂಬಾಲಿಸುವುದು ಅದರ ಮೂಲಕವೇ.